21 ಗಂಡಸರನ್ನು ಮಾತಾಡಿಸಿದ್ದೀರಿ, ಅಣ್ಣನನ್ನು?

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮಂಡ್ಯ ಜಿಲ್ಲೆಯ ಹಳ್ಳಿ, ಬೆಂಗಳೂರಲ್ಲಿ ಪಿಎಚ್‌ಡಿ, ವಿಷಯ ‘ಮದುವೆಯಾಗದ ರೈತರು ಮತ್ತು ಗಂಡಸುತನ’. ಅಪ್ಪನ ಲೆಕ್ಕದಲ್ಲಿ ಇದು ಓದೇ ಅಲ್ಲ. ಹಬ್ಬದ ಊಟಕ್ಕೆ ಕೂತಾಗ ಸೋದರಮಾವ ‘ಗಂಡಸ್ತನಾನ ಪುಸ್ತಕ ನೋಡಿ ಕಲೀಬೇಕೇನ್ಲಾ?’ ಅಂದರು, ಪಂಕ್ತಿಗೆ ಪಂಕ್ತಿಯೇ ನಕ್ಕಿತು. ವಿಷಯ ಬದಲಿಸಲೇ ಎಂದು ಕೇಳಿದ್ದೀರಿ.

ಖಂಡಿತ ಬೇಡ. ಗಂಡಸುತನ ಒಂದೇ ಅಲ್ಲ, ಅದರೊಳಗೂ ಮೇಲುಕೀಳಿದೆ ಎಂದು ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ರೇವಿನ್ ಕಾನೆಲ್ 1995ರಲ್ಲೇ ‘ಮ್ಯಾಸ್ಕ್ಯುಲಿನಿಟೀಸ್’ನಲ್ಲಿ ಬಿಡಿಸಿಟ್ಟಿದ್ದಾರೆ. ಯಜಮಾನಿಕೆಯ ಆ ಎತ್ತರ ಮುಟ್ಟುವ ಗಂಡಸರು ಕೆಲವರೇ. ಉಳಿದವರಲ್ಲಿ ಹೆಚ್ಚಿನವರು ಅದಕ್ಕೆ ತಲೆಯಾಡಿಸಿ, ಗಂಡಸಾಗಿದ್ದಕ್ಕೆ ಸಿಗುವ ಲಾಭದಲ್ಲಿ ಪಾಲು ಪಡೆಯುತ್ತಾರೆ. ಆ ಪಂಕ್ತಿ ನಕ್ಕದ್ದೂ ಹಾಗೆಯೇ.

ನಿಮ್ಮ ಮಾವನ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು. ‘ಈಗಿನ ಹುಡುಗೀರಿಗೆ ಕೊಬ್ಬು, ರೈತ ಬೇಡವಂತೆ’ ಅನ್ನುತ್ತಾರಂತೆ. 2023ರ ಫೆಬ್ರುವರಿಯಲ್ಲಿ ನಿಮ್ಮ ಕಡೆಯ, ಮೂವತ್ತು ದಾಟಿದ ಹುಡುಗರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದೇ ವರ್ಷದ ಕೊನೆಗೆ, ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣ ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಬೇಯುವ ಜಾಗದಲ್ಲಿ! ಈ ಎರಡು ಸುದ್ದಿ ಒಟ್ಟಿಗೆ ಓದಲಿ ನಿಮ್ಮ ಮಾವ. ಹೇಗೋ ಉಳಿದು ಹುಟ್ಟಿದ ಹುಡುಗಿ ಗದ್ದೆ ಬೇಡ ಅಂದರೆ, ಅವ್ವ ಪಟ್ಟ ಪಾಡು ನೋಡಿಯೇ ಅಂದಿರುತ್ತಾಳೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಬೇರೆ ಸಾಲು. ನಾಲ್ಕು ಪುಟದಲ್ಲಿ ಒಂದೇ ಕಡೆ, ಅದೂ ಆವರಣದೊಳಗೆ ಬರೆದಿದ್ದೀರಿ: ‘ಅಣ್ಣನಿಗೆ 38, ಮದುವೆಯಾಗಿಲ್ಲ, ಗದ್ದೆ ನೋಡ್ಕೋತಾನೆ. ಫೆಲೋಶಿಪ್ ತಡವಾದರೆ ಅವನೇ ದುಡ್ಡು ಹಾಕ್ತಾನೆ.’ ಸುತ್ತಲ ಹಳ್ಳಿಗಳ 21 ಗಂಡಸರನ್ನು ಸಂದರ್ಶಿಸಿದ್ದೀರಿ, ಅಣ್ಣನ ಜೊತೆ ಕೂತು ಮಾತಾಡಿದ್ದು ಎಲ್ಲೂ ಇಲ್ಲ. ಮಾವ ಹಾಗಂದಾಗ ಅವರೂ ನಿಮ್ಮ ಪಕ್ಕದ ಎಲೆಯಲ್ಲೇ ಊಟಕ್ಕೆ ಕೂತಿದ್ದರಂತಲ್ಲ. ಆ ಮಾತು ಯಾರಿಗೆ ಹೆಚ್ಚು ಚುಚ್ಚಿತು? ನಿಮಗಾದ ಅವಮಾನಕ್ಕೆ ಮಾತ್ರ ಎರಡು ಪುಟ ಕೊಟ್ಟಿದ್ದೀರಿ.

ಈ ಶನಿವಾರ ಊರಿಗೆ ಹೋಗಿ. ರೆಕಾರ್ಡರ್, ಪ್ರಶ್ನಾವಳಿ ಬೆಂಗಳೂರಲ್ಲೇ ಇರಲಿ, ಅಣ್ಣ ನಿಮ್ಮ ಪಟ್ಟಿಯ 22ನೆಯವರಾಗುವುದು ಬೇಡ. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಮೋಟರ್ ಹಾಕಲು ಎದ್ದು ಹೋಗುತ್ತಾರಲ್ಲ, ಬ್ಯಾಟರಿ ಹಿಡಿದು ಜೊತೆಗೆ ನಡೆಯಿರಿ. ಕಬ್ಬಿಗೆ ನೀರು ಹಾಯುವಷ್ಟು ಹೊತ್ತು ಬದುವಿನ ಮೇಲೆ ಪಕ್ಕದಲ್ಲಿ ಕೂತಿರಿ. ಅವರು ಬಾಯಿ ಬಿಡದಿದ್ದರೆ ಮುಂದಿನ ಶನಿವಾರ ಮತ್ತೆ ಹೋಗಿ.