ಓದುಗರ ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಹಳ್ಳಿಗಾಡು, ಕೈಯಲ್ಲಿ ಬಾಡಿಗೆ ಕಾರು

ಪ್ರಶ್ನೆ: ಸೆಪ್ಟೆಂಬರ್ ಮಧ್ಯದಲ್ಲಿ ಹತ್ತು ದಿನ ಬಿಡುವು ಮಾಡಿಕೊಂಡಿದ್ದೇವೆ. ಲ್ವಾರ್ ಕಣಿವೆ, ಬರ್ಗಂಡಿ, ಅಲ್ಸಾಸ್, ದೋರ್ದೋನ್, ಪ್ರೊವಾನ್ಸ್ ಐದನ್ನೂ ಕಾರಿನಲ್ಲೇ ಸುತ್ತುವ ಆಸೆ. ದಿನಕ್ಕೆ 300 ಕಿ.ಮೀ. ಹಾಕಿಕೊಂಡರೆ ಆಗುತ್ತದಲ್ಲವೇ?

ಉತ್ತರ: ಆಗುತ್ತದೆ, ಆದರೆ ನೋಡಿದ್ದೆಲ್ಲ ರಸ್ತೆಯೇ ಆಗುತ್ತದೆ. ಐದರಲ್ಲಿ ಮೂರನ್ನು ಕೈಬಿಡಿ. ಹಳ್ಳಿಗಾಡಿನ ‘ಡಿ’ (ಜಿಲ್ಲಾ) ರಸ್ತೆಗಳಲ್ಲಿ ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. (ಕೆಲವು ಜಿಲ್ಲೆಗಳಲ್ಲಿ 90). ನಾಲ್ಕೈದು ಕಿಲೋಮೀಟರಿಗೊಂದು ಊರು ಸಿಗುತ್ತದೆ, ಅಲ್ಲಿ 50ಕ್ಕೆ ಇಳಿಸಬೇಕು. ಅದು ದ್ರಾಕ್ಷಿ ಕೊಯ್ಲಿನ ಕಾಲ ಬೇರೆ, ಮುಂದೆ ಟ್ರಾಕ್ಟರ್ ಸಿಕ್ಕಿತೆಂದರೆ 25ರಲ್ಲಿ ತೆವಳುತ್ತ ಹೋಗಬೇಕು. ಸರಾಸರಿ 55ರಿಂದ 60 ಕಿ.ಮೀ. ಎಂದೇ ಲೆಕ್ಕ ಹಾಕಿ. ತಂಗುವ ಊರು ಬದಲಿಸುವ ದಿನ ಬಿಟ್ಟರೆ ಉಳಿದ ದಿನ 70–80 ಕಿ.ಮೀ. ಸಾಕು.

ಹತ್ತು ದಿನಕ್ಕೆ ಚೆನ್ನಾಗಿ ಹೊಂದುವುದು ಲ್ವಾರ್ ಮತ್ತು ದೋರ್ದೋನ್. ಪ್ಯಾರಿಸ್‌ನಲ್ಲಿ ಕಾರು ತೆಗೆದುಕೊಳ್ಳಲೇಬೇಡಿ. ಊರಾಚೆ ಬರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಮೋಂಪಾರ್ನಾಸ್ ನಿಲ್ದಾಣದಿಂದ ಟಿಜಿವಿ ಎಂಬ ಅತಿವೇಗದ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ತೂರ್ ಊರಿನ ಪಕ್ಕದ ಸೇಂ-ಪಿಯೇರ್-ದೆ-ಕೋರ್. ಕಾರು ಅಲ್ಲಿ ಪಡೆಯಿರಿ. ಆಂಬ್ವಾಜ್‌ನಲ್ಲಿ ನಾಲ್ಕು ರಾತ್ರಿ ಇದ್ದರೆ ಶೆನೋಂಸೊ, ಶಾಂಬೋರ್, ವಿಲಾಂದ್ರಿ ಮೂರು ಕೋಟೆಗಳೂ ಒಂದು ಗಂಟೆಯ ಆಸುಪಾಸು. ಆಮೇಲೆ ಹೆದ್ದಾರಿಯಲ್ಲೇ ಒಂದು ಉದ್ದನೆಯ ದಿನ: ಎ85, ನಂತರ ಎ20. ವಿಯೆರ್ಜೋನ್‌ನಿಂದ ಬ್ರೀವ್‌ವರೆಗೆ ಎ20ಕ್ಕೆ ಟೋಲ್ ಇಲ್ಲ. ದೋರ್ದೋನ್‌ನ ಸಾರ್ಲಾ ಊರಿನ ಸುತ್ತ ಐದು ರಾತ್ರಿ, ಕೊನೆಗೆ ಬೋರ್ದೊದಲ್ಲಿ ಕಾರು ಒಪ್ಪಿಸಿ ರೈಲು. ಬೇರೆ ಊರಲ್ಲಿ ಒಪ್ಪಿಸಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಬುಕಿಂಗ್‌ನ ಒಟ್ಟು ಮೊತ್ತದಲ್ಲಿ ಅದು ಸೇರಿದೆಯೇ ನೋಡಿಕೊಳ್ಳಿ.

ಸಾರ್ಲಾದ ಸಂತೆ ಬುಧವಾರ ಮತ್ತು ಶನಿವಾರ. ದಿನಗಳನ್ನು ಅದಕ್ಕೆ ಹೊಂದಿಸಿ, ಹಿಂದಿನ ರಾತ್ರಿ ಕಾರನ್ನು ಸಂತೆ ಬೀದಿಯಲ್ಲಿ ಮಾತ್ರ ಬಿಡಬೇಡಿ. ಕಂಬದ ಮೇಲಿನ ಸಣ್ಣ ಫಲಕದಲ್ಲಿ ವಾರ, ಹೊತ್ತು ಬರೆದಿರುತ್ತಾರೆ. ಓದದವರ ಕಾರನ್ನು ಬೆಳಗಾಗುವ ಮೊದಲೇ ಎಳೆದೊಯ್ಯುತ್ತಾರೆ. ಸೆಪ್ಟೆಂಬರ್‌ನ ಮೂರನೇ ಶನಿವಾರ, ಭಾನುವಾರ ಪಾರಂಪರಿಕ ತಾಣಗಳ ದಿನ. ಬೇರೆ ದಿನ ಮುಚ್ಚಿರುವ ಎಷ್ಟೋ ಕಟ್ಟಡಗಳು ಆಗ ತೆರೆದಿರುತ್ತವೆ, ಹೆಸರಾಂತ ಕೋಟೆಗಳಲ್ಲಿ ಜನಜಂಗುಳಿ. ಆ ಎರಡು ದಿನ ಸಣ್ಣ ಊರುಗಳಿಗೆ ಹೋಗುವುದೇ ಜಾಣತನ.

ಪ್ರಶ್ನೆ: ಎಡಬದಿಯಲ್ಲಿ ಓಡಿಸಿ ರೂಢಿಯಾದವರಿಗೆ ಬಲಬದಿ ಎಷ್ಟು ಕಷ್ಟ? ‘ಬಲಗಡೆಯವರಿಗೆ ಮೊದಲ ಹಕ್ಕು’ ಎಂಬ ನಿಯಮ ಅರ್ಥವಾಗುತ್ತಿಲ್ಲ.

ಉತ್ತರ: ಗಿಜಿಗುಟ್ಟುವ ರಸ್ತೆಯಲ್ಲಿ ಎಡವಟ್ಟಾಗುವುದು ಕಡಿಮೆ, ಮುಂದಿನವರ ಹಿಂದೆ ಹೋಗುತ್ತೀರಿ. ತಪ್ಪುವುದು ಬೆಳಗ್ಗೆ ಖಾಲಿ ರಸ್ತೆಗೆ ಇಳಿಯುವಾಗ, ಬಂಕಿನಿಂದ ಹೊರಬರುವಾಗ, ಎಡಕ್ಕೆ ತಿರುಗಿದ ಮೇಲೆ. ಒಂದೇ ಗುರುತು ಸಾಕು: ರಸ್ತೆಯ ನಡುಗೆರೆ ಚಾಲಕನ ಮಗ್ಗುಲಿಗೇ ಇರಬೇಕು. ಗೇರ್ ಬಲಗೈಗೆ ಬರುತ್ತದೆ. ಅದೂ ಬೇಡವೆನಿಸಿದರೆ ಆಟೊಮ್ಯಾಟಿಕ್ ಕಾರನ್ನು ಮೊದಲೇ ಕಾದಿರಿಸಿ. ಅದಕ್ಕೆ ಬಾಡಿಗೆ ಹೆಚ್ಚು.

ಇನ್ನು ಬಲಗಡೆಯ ಹಕ್ಕು. ಯಾವ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ನಿಮ್ಮ ಬಲದಿಂದ ಬರುವ ವಾಹನಕ್ಕೆ ನೀವು ದಾರಿ ಬಿಡಬೇಕು, ನಿಮ್ಮದು ಅಗಲ ರಸ್ತೆ, ಅವನದು ಸಂದಿ ಎನ್ನುವಂತಿಲ್ಲ. ಹಳ್ಳಿಯೊಳಗೆ ಬಲಗಡೆಯ ಓಣಿಯಿಂದ ಹಳೇ ವ್ಯಾನೊಂದು ನಿಮ್ಮತ್ತ ತಿರುಗಿಯೂ ನೋಡದೆ ನುಗ್ಗಿದರೆ ತಪ್ಪು ನಿಮ್ಮದೇ. ಬಿಳಿ ಅಂಚಿನ ಹಳದಿ ವಜ್ರಾಕಾರದ ಫಲಕ ಕಂಡರೆ ನಿಮ್ಮ ರಸ್ತೆಗೇ ಆದ್ಯತೆ. ಅದೇ ಫಲಕದ ಮೇಲೆ ಕಪ್ಪು ಗೀಟು ಇದ್ದರೆ ಆ ಆದ್ಯತೆ ಮುಗಿಯಿತು, ಅಲ್ಲಿಂದ ಪ್ರತಿ ಓಣಿಗೂ ಕಣ್ಣು ಹಾಯಿಸಬೇಕು. ಕೆಂಪು ತ್ರಿಕೋನದೊಳಗೆ ಕಪ್ಪು ಗುಣಾಕಾರ ಚಿಹ್ನೆ ಇದ್ದರೆ ಮುಂದಿನ ಕೂಡುರಸ್ತೆಯಲ್ಲಿ ಬಲದವರಿಗೆ ಹಕ್ಕು. ರೌಂಡ್‌ಅಬೌಟ್‌ಗಳಲ್ಲಿ ಬಹುಪಾಲು ಇದರ ತದ್ವಿರುದ್ಧ: ಒಳಗೆ ಸುತ್ತುತ್ತಿರುವವರು, ಅಂದರೆ ಎಡದಿಂದ ಬರುವವರು ಮೊದಲು. ದಾರಿ ತಪ್ಪಿದರೆ ಇನ್ನೊಂದು ಸುತ್ತು ಹಾಕಿ, ಯಾರೂ ಬಯ್ಯುವುದಿಲ್ಲ.

ಕೆಂಪು ಅಂಚಿನ ಬಿಳಿ ಹಲಗೆಯ ಮೇಲೆ ಊರ ಹೆಸರು ಕಂಡಲ್ಲಿಂದಲೇ 50ರ ಮಿತಿ ಶುರು, ಸಂಖ್ಯೆ ಬರೆದಿರುವುದಿಲ್ಲ. ಕ್ಯಾಮೆರಾದ ದಂಡ ಬಾಡಿಗೆ ಕಂಪನಿಯ ಮೂಲಕ ವಾರಗಳ ನಂತರ ಬರುತ್ತದೆ, ಜೊತೆಗೆ ಕಂಪನಿಯ ಸೇವಾಶುಲ್ಕವೂ.

ಪ್ರಶ್ನೆ: ಮೊಬೈಲ್ ನಕ್ಷೆ ನಂಬಿಕೊಂಡರೆ ಸಾಲದೇ?

ಉತ್ತರ: ಅರ್ಧ ಸಾಲುತ್ತದೆ. ಊರ ಹೆಸರಿನ ಜೊತೆ ಐದಂಕಿಯ ಪಿನ್‌ಕೋಡ್ ಹಾಕದಿದ್ದರೆ ಮೋಸಹೋಗುತ್ತೀರಿ. ಸೇಂ-ಸಿಪ್ರಿಯಾನ್ 24220 ಇರುವುದು ದೋರ್ದೋನ್‌ನಲ್ಲಿ. ಅದೇ ಹೆಸರಿನ 66750 ಮೆಡಿಟರೇನಿಯನ್ ಕಡಲ ದಡದಲ್ಲಿ. ಮೊದಲ ಎರಡು ಅಂಕಿ ಜಿಲ್ಲೆಯನ್ನು ಹೇಳುತ್ತವೆ. ‘ಟೋಲ್ ಬೇಡ’ ಎಂದು ಒತ್ತಿದರೆ ಒಂದೇ ಕಾರು ಹಿಡಿಸುವ ಹೊಲದ ದಾರಿಗೂ ನಿಮ್ಮನ್ನು ಇಳಿಸಬಹುದು.

ಜಿಲ್ಲೆಯ ಗಡಿ ದಾಟಿದೊಡನೆ ‘ಡಿ’ ರಸ್ತೆಯ ಸಂಖ್ಯೆ ಬದಲಾಗುವುದುಂಟು. ಹಾಗಾಗಿ ಸಂಖ್ಯೆಯ ಬೆನ್ನು ಹತ್ತಬೇಡಿ, ಮುಂದಿನ ಮೂರು ಊರುಗಳ ಹೆಸರು ಬರೆದಿಟ್ಟುಕೊಳ್ಳಿ. ಮಿಶೆಲಿನ್‌ನ ಕಾಗದದ ನಕ್ಷೆ ಒಂದಿರಲಿ: ಹಸಿರು ಅಂಚು ಎಳೆದ ರಸ್ತೆಗಳು ನೋಟ ಚೆಲುವಾದವು. ಅವನ್ನಷ್ಟೇ ಪೋಣಿಸಿದರೆ ಅರ್ಧ ಯೋಜನೆ ಮುಗಿದ ಹಾಗೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಹಳ್ಳಿಗಳಲ್ಲಿ ಊಟಕ್ಕೆ ಏನು ಗತಿ?

ಉತ್ತರ: ಏನು ತಿನ್ನುವುದು ಎಂಬುದಕ್ಕಿಂತ ಎಷ್ಟು ಹೊತ್ತಿಗೆ ಎಂಬುದೇ ಮೊದಲ ತೊಡಕು. ಮಧ್ಯಾಹ್ನದ ಊಟ 12ರಿಂದ 2 ಗಂಟೆ; ಒಂದೂವರೆ ದಾಟಿ ಹೋದರೆ ಅಡುಗೆಮನೆ ಮುಚ್ಚಿತು ಎನ್ನುವುದೇ ಹೆಚ್ಚು. ರಾತ್ರಿ ಏಳು, ಏಳೂವರೆಗೆ ಮುಂಚೆ ಒಲೆ ಹಚ್ಚುವುದಿಲ್ಲ. ಅಂಗಡಿಗಳೂ ಮಧ್ಯಾಹ್ನ ಎರಡು ಗಂಟೆ ಕಾಲ ಬಾಗಿಲು ಹಾಕುತ್ತವೆ. ಭಾನುವಾರ ಮಧ್ಯಾಹ್ನದ ನಂತರ, ಸೋಮವಾರ ಕೂಡ ಬಹಳ ಕಡೆ ಬಂದ್.

ಇನ್ನು ಕಣ್ಣಿಗೆ ಕಾಣದ ಮಾಂಸದ ವಿಷಯ. ಸಾರ್ಲಾದ ಹೆಸರುವಾಸಿ ಆಲೂಗಡ್ಡೆ ಬೇಯುವುದು ಬಾತುಕೋಳಿಯ ಕೊಬ್ಬಿನಲ್ಲಿ. ಸಲಾಡ್ ಎಂದು ತರಿಸಿದರೆ ‘ಲಾರ್ದೋನ್’ ಎಂಬ ಹಂದಿಮಾಂಸದ ಚೂರುಗಳು ಬರುತ್ತವೆ, ‘ಕೀಶ್’ ಎಂಬ ಮೊಟ್ಟೆ-ಕೆನೆಯ ಪೈನಲ್ಲೂ ಅವೇ. ತರಕಾರಿ ಸೂಪಿಗೆ ಮಾಂಸದ ಸಾರು ಸೇರಿರಬಹುದು. ಅನೇಕ ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ‘ಸಾನ್ ವಿಯಾಂದ್, ಸಾನ್ ಪ್ವಾಸೋನ್, ಸಾನ್ ಲಾರ್ದೋನ್’ (ಮಾಂಸ, ಮೀನು, ಲಾರ್ದೋನ್ ಬೇಡ) ಎಂದು ಮೂರನ್ನೂ ಹೇಳಿ. ‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಮೀನು ತಂದಿಡುವವರಿದ್ದಾರೆ. ಅಡುಗೆಮನೆ ಇರುವ ‘ಜೀತ್’ (ಪ್ರವಾಸಿಗರ ಬಾಡಿಗೆ ಮನೆ) ಹಿಡಿದು, ಸಂತೆಯಿಂದ ಟೊಮೆಟೊ, ಅಂಜೂರ, ಹೊಸ ವಾಲ್‌ನಟ್, ಬ್ರೆಡ್ ತಂದುಕೊಳ್ಳುವುದೇ ನೆಮ್ಮದಿ.

ಪ್ರಶ್ನೆ: ಕಾರು ಪಡೆಯುವಾಗ, ಡೀಸೆಲ್ ಹಾಕಿಸುವಾಗ ಏನು ಗಮನಿಸಬೇಕು?

ಉತ್ತರ: ಮೂಲ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಚಾಲಕರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್. ಠೇವಣಿಗೆ ಫಾರೆಕ್ಸ್ ಕಾರ್ಡ್ ಒಪ್ಪದ ಕೌಂಟರ್‌ಗಳೇ ಹೆಚ್ಚು. ಟೈರು, ಗಾಜು, ಕಾರಿನ ತಳ ಇವು ಮೂಲ ವಿಮೆಯಲ್ಲಿ ಸೇರದಿರುವುದೇ ಸಾಮಾನ್ಯ, ಕೇಳಿ. ಕಿತ್ತಳೆ ಅಥವಾ ಹಳದಿ ಹೊಳೆಯುವ ಜಾಕೆಟ್ ಡಿಕ್ಕಿಯಲ್ಲಲ್ಲ, ಕೈಗೆಟಕುವಂತೆ ಒಳಗಿರಬೇಕು. ಎಚ್ಚರಿಕೆ ತ್ರಿಕೋನವೂ ಬೇಕು.

ಬಂಕಿನಲ್ಲಿ ‘ಗಾಜೋಲ್’ ಅಂದರೆ ಡೀಸೆಲ್, ಬಿ7 ಎಂದು ಚೌಕದೊಳಗೆ ಬರೆದಿರುತ್ತದೆ. ಪೆಟ್ರೋಲಿನ ಇ5, ಇ10 ವೃತ್ತದೊಳಗೆ. ತಪ್ಪಾಗಿ ಹಾಕಿದರೆ ಎಂಜಿನ್ ಚಾಲೂ ಮಾಡಲೇಬೇಡಿ, ಕೀ ತಿರುಗಿಸಿದರೆ ಇಂಧನ ಒಳಗಿನ ಪಂಪಿಗೆ ಹೋಗಿ ರಿಪೇರಿ ಖರ್ಚು ಬೆಳೆಯುತ್ತದೆ. ಸೂಪರ್‌ಮಾರ್ಕೆಟ್ ಬಂಕುಗಳು ಅಗ್ಗ, ಆದರೆ ರಾತ್ರಿ ಮತ್ತು ಭಾನುವಾರ ಆಳಿಲ್ಲದೆ ಕಾರ್ಡಿನಲ್ಲೇ ನಡೆಯುತ್ತವೆ. ಯಂತ್ರ ಮೊದಲು ದೊಡ್ಡ ಮೊತ್ತ ತಡೆಹಿಡಿದು ಆಮೇಲೆ ಬಿಡುತ್ತದೆ. ಹೊರದೇಶದ ಕಾರ್ಡ್ ತಿರಸ್ಕರಿಸಲೂಬಹುದು. ಶನಿವಾರ ಸಂಜೆಗೇ ಟ್ಯಾಂಕ್ ತುಂಬಿಸಿಬಿಡಿ.

ಪ್ರಶ್ನೆ: ಮಳೆಯ ಭಯವಿದೆಯೇ?

ಉತ್ತರ: ಲ್ವಾರ್, ದೋರ್ದೋನ್ ಕಡೆ ಹೆಚ್ಚಿಲ್ಲ, ಬೆಳಗಿನ ಹೊಳೆಮಂಜು ಅಷ್ಟೇ. ಸೂರ್ಯ ಹುಟ್ಟುವುದೇ ಏಳೂವರೆಯ ಸುಮಾರಿಗೆ. ಒಂಬತ್ತೂವರೆಗೆ ಹೊರಟರೆ ಮಂಜು ಎಷ್ಟೋ ಕರಗಿರುತ್ತದೆ. 50 ಮೀಟರ್ ಆಚೆ ಕಾಣದಿದ್ದರೆ ಹೆದ್ದಾರಿಯಲ್ಲೂ ಮಿತಿ 50. ಒದ್ದೆ ಹೆದ್ದಾರಿಯಲ್ಲಿ 130 ಇದ್ದದ್ದು 110 ಆಗುತ್ತದೆ.

ಆಗ್ನೇಯದ ಸೆವೆನ್, ಆರ್ದೆಶ್, ಗಾರ್ ಕಡೆ ಮಾತ್ರ ಈ ತಿಂಗಳುಗಳಲ್ಲಿ ಹುಷಾರು. ಬೆಚ್ಚಗಿನ ಮೆಡಿಟರೇನಿಯನ್ ಮೇಲಿನ ತೇವದ ಗಾಳಿ ಬೆಟ್ಟಕ್ಕೆ ಬಡಿದು, ತಿಂಗಳ ಮಳೆ ಕೆಲವೇ ಗಂಟೆಗಳಲ್ಲಿ ಸುರಿಯುತ್ತದೆ. ಹವಾಮಾನ ಸಂಸ್ಥೆ ಮೆತೆಯೊ-ಫ್ರಾನ್ಸ್‌ನ ಎಚ್ಚರಿಕೆ ನಕ್ಷೆ ಕಿತ್ತಳೆಗೆ ತಿರುಗಿದರೆ ಅಂದಿನ ಪಯಣ ರದ್ದು ಮಾಡಿ. ನೀರು ಹರಿಯುವ ಸೇತುವೆ ಮೇಲೆ ಕಾರು ಇಳಿಸಬೇಡಿ, 30 ಸೆಂಟಿಮೀಟರ್ ನೀರೇ ಕಾರನ್ನು ತೇಲಿಸಿಬಿಡುತ್ತದೆ. ಬೇಟೆಯ ಕಾಲವೂ ಸೆಪ್ಟೆಂಬರ್‌ನಲ್ಲೇ ಶುರು: ದಾರಿಯಲ್ಲಿ ‘ಶಾಸ್ ಆಂ ಕೂರ್’ (ಬೇಟೆ ನಡೆಯುತ್ತಿದೆ) ಎಂಬ ಫಲಕ ಕಂಡರೆ ಕಾರು ನಿಲ್ಲಿಸಿ ಕಾಡಿನೊಳಗೆ ಅಡ್ಡಾಡಲು ಹೋಗಬೇಡಿ.