‘ಹೇಳಿದ್ದು ಕೇಳೂದೇ ಇಲ್ಲ’: 11 ವರ್ಷದ ಹುಡುಗನ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಅಂಕೋಲಾ ಕಡೆಯ ಹುಡುಗ, 6ನೇ ತರಗತಿ. ಎದುರುತ್ತರ ಕೊಡುತ್ತಾನೆ, ಪಕ್ಕದವನಿಗೆ ಹೊಡೆಯುತ್ತಾನೆ ಎಂಬುದು ಅಕ್ಕೋರ (ಶಾಲೆಯ ಶಿಕ್ಷಕಿಯ) ದೂರು. ಅಮ್ಮನದು: "ಎಂತ ಹೇಳಿದ್ರೂ ಕೇಳೂದೇ ಇಲ್ಲ. ಅಪ್ಪ ಬೋಟಿಗೆ ಹೋದ್ರೆ ಮುಗ್ದೇ ಹೋಯ್ತು."

‘ಹಟಮಾರಿ’ ಎನ್ನುವುದು ದೂರು, ರೋಗನಿರ್ಣಯವಲ್ಲ. ಒಡಿಡಿ (ಸದಾ ಎದುರಾಡುವ, ಮಾತು ಮೀರುವ ನಡವಳಿಕೆಯ ತೊಂದರೆ) ಎನ್ನಬೇಕಾದರೆ 8 ಲಕ್ಷಣಗಳಲ್ಲಿ ಕನಿಷ್ಠ 4, ಆರು ತಿಂಗಳಿಂದ, ಈ ವಯಸ್ಸಿನಲ್ಲಿ ವಾರಕ್ಕೊಮ್ಮೆಯಾದರೂ ಕಾಣಬೇಕು. ಒಡಹುಟ್ಟಿದವರ ಜೊತೆಗಿನ ಜಗಳವಷ್ಟೇ ಸಾಲದು. ಇವನಲ್ಲಿ ನಾಲ್ಕು ಸಿಕ್ಕವು. ಅದಕ್ಕಿಂತ ಗಂಭೀರವಾದ, ಇತರರ ಹಕ್ಕು ಮತ್ತು ನಿಯಮ ಮೀರುವ ಕಂಡಕ್ಟ್ ಡಿಸಾರ್ಡರ್‌ಗೆ ವರ್ಷದೊಳಗೆ 15 ಲಕ್ಷಣಗಳಲ್ಲಿ 3 ಬೇಕು. ಕಳ್ಳತನ, ಪ್ರಾಣಿಹಿಂಸೆ, ರಾತ್ರಿ ಮನೆ ಬಿಡುವುದು ಯಾವುದೂ ಇಲ್ಲ. ಎರಡು ಸಲ ಶಾಲೆ ತಪ್ಪಿಸಿ ಬಂದರಿಗೆ ಹೋಗಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪದೇಪದೇ ಆದರೆ ಮಾತ್ರ ಅದು ಲಕ್ಷಣ.

ಎಣಿಕೆ ಅಲ್ಲಿಗೆ ಮುಗಿಯಿತು, ಕಾರಣ ಸಿಗಲಿಲ್ಲ. ಹಾಗಾಗಿ ಎರಡು ವಾರ ನಾಲ್ಕು ಕಾಲಮಿನ ವಹಿ ಬರೆಸಿದೆವು: ಹೊತ್ತು, ಮೊದಲು ಏನಾಯಿತು, ಏನು ಮಾಡಿದ, ಆಮೇಲೆ ಏನಾಯಿತು. ಅಮ್ಮನ ಒಂದು ಸಾಲು: "ರಾತ್ರಿ 8. ಮೊಬೈಲ್ ಕೇಳ್ದ. ಇಲ್ಲ ಅಂದೆ. ಬಾಟ್ಲಿ ಒಗ್ದ. ಕೊಟ್ಟೆ." ಇಂಥ ಒಂಬತ್ತು ಸಾಲಿನಲ್ಲಿ ಏಳು ‘ಕೊಟ್ಟೆ’ಯಲ್ಲೇ ನಿಂತಿವೆ.

ಅಕ್ಕೋರ ವಹಿ ಬೇರೆಯದನ್ನೇ ಹೇಳಿತು. ಗಲಾಟೆ ಹೆಚ್ಚಾಗಿ ಉಕ್ತಲೇಖನದ ಹೊತ್ತಿಗೆ, ಹಿಂದಿನ ಬೆಂಚಿನಲ್ಲಿ. ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದರೆ ಹುಡುಗ ತಿರುಗಲಿಲ್ಲ. ಎದುರು ನಿಂತರೆ ತುಟಿಯನ್ನೇ ನೋಡುತ್ತಿದ್ದ. ಮಳೆಗಾಲಕ್ಕೆಲ್ಲ ಕಿವಿ ಸೋರುತ್ತದೆ, ಎಣ್ಣೆ ಬಿಡುತ್ತೇವೆ ಎಂದರು ಅಮ್ಮ. ಕಾರವಾರದಲ್ಲಿ ಕಿವಿ ವೈದ್ಯರು ನೋಡಿದಾಗ ಬಲ ತಮಟೆಯಲ್ಲಿ ತೂತು; ಶ್ರವಣ ಪರೀಕ್ಷೆಯಲ್ಲಿ ಎರಡೂ ಕಿವಿ ಮಂದ, ಬಲದ್ದು ಹೆಚ್ಚು. ಇದು ಮೊದಲ ದಿನವೇ ಆಗಬೇಕಿದ್ದ ಪರೀಕ್ಷೆ.

ಮಕ್ಕಳ ನಡವಳಿಕೆ ಅಳೆಯುವ 25 ಪ್ರಶ್ನೆಗಳ ಪಟ್ಟಿ ಎಸ್‌ಡಿಕ್ಯೂನಲ್ಲಿ ಚಂಚಲತೆಯ ಅಂಕ ಹೆಚ್ಚಿತ್ತು. ಆದರೂ ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಂಚಲತೆಯ ತೊಂದರೆ) ಎಂದು ಬರೆಯಲಿಲ್ಲ. ಕೇಳದ ಮಗುವೂ ಗಮನವಿಲ್ಲದ ಮಗುವಿನಂತೆಯೇ ಕಾಣುತ್ತದೆ.

ಕೊಟ್ಟ ಸಲಹೆ: ಕಿವಿಗೆ ಎಣ್ಣೆ ಬೇಡ, ಹೊಳೆ ಈಜು ಬೇಡ, ಮೀಯುವಾಗ ವ್ಯಾಸಲಿನ್ ಹಚ್ಚಿದ ಹತ್ತಿ. ತರಗತಿಯಲ್ಲಿ ಮುಂದಿನ ಬೆಂಚು, ಎಡಗಿವಿ ಅಕ್ಕೋರ ಕಡೆಗೆ. ಉಕ್ತಲೇಖನ ಹೇಳುವಾಗ ಬೋರ್ಡಿಗೆ ಮುಖ ಮಾಡಬಾರದು. ಮನೆಯಲ್ಲಿ ಹತ್ತಿರ ಹೋಗಿ, ಮುಖ ನೋಡಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು. ಮಾಡಿದ ಕೂಡಲೇ, ಯಾವುದು ಚೆನ್ನಾಯಿತೆಂದು ಹೆಸರಿಸಿ ಹೊಗಳಬೇಕು. ಮೊಬೈಲ್ ಸಂಜೆ 7ರಿಂದ 7.30. ರಂಪ ಶುರುವಾದ ಮೇಲೆ ಕೊಡುವಂತಿಲ್ಲ. ಮೊದಮೊದಲು ರಂಪ ಹೆಚ್ಚೇ ಆಗುತ್ತದೆ. ನಾಲ್ಕನೇ ದಿನ ಸೋತು ಕೊಟ್ಟರೆ, ಇನ್ನಷ್ಟು ಹೊತ್ತು ಕೂಗಬೇಕೆಂದು ಹುಡುಗ ಕಲಿಯುತ್ತಾನೆ. ಅಜ್ಜಿಗೂ ಇದನ್ನು ಕೂರಿಸಿ ಹೇಳಬೇಕಾಯಿತು. ಗುಟ್ಟಾಗಿ ಮೊಬೈಲ್ ಕೊಡುತ್ತಿದ್ದವರು ಅವರೇ.

ಮರುಮೌಲ್ಯಮಾಪನವನ್ನು ಆಗಸ್ಟ್‌ಗೆ ಇಟ್ಟಿದ್ದೇವೆ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್ 1ರಿಂದ 61 ದಿನ ಬೋಟು ಬಂದ್, ಅಪ್ಪ ಮನೆಯಲ್ಲೇ. ಅವರ ಬೆಲ್ಟಿಗೆ ಹೆದರಿ ಸುಮ್ಮನಿರುವುದನ್ನು ಸುಧಾರಣೆ ಎಂದು ಬರೆದುಕೊಳ್ಳಲಾಗದು. ಬೆಲ್ಟಿನ ಮಾತನ್ನು ಅಪ್ಪನೊಡನೆ ಬೇರೆಯೇ ಆಡಬೇಕಿದೆ.