ಅರ್ಧಕ್ಕೆ ಎದ್ದು ಬಂದ ಮೇಷ್ಟ್ರಿಗೆ

ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು:

"ಮಗನ ಒತ್ತಾಯಕ್ಕೆ ಬೆಂಗಳೂರಿನ ಚಿತ್ರೋತ್ಸವಕ್ಕೆ ಹೋಗಿದ್ದೆ. ನಿಮ್ಮ ಪತ್ರಿಕೆಯಲ್ಲಿ ಫ್ರೆಂಚ್ ಸಿನಿಮಾಗಳನ್ನು ಹೊಗಳಿದ್ದು ಓದಿ, ಒಂದು ಫ್ರೆಂಚ್ ಚಿತ್ರಕ್ಕೇ ಸಾಲಿನಲ್ಲಿ ನಿಂತೆವು. ಅರ್ಧ ಗಂಟೆಯೂ ಆಗಿರಲಿಲ್ಲ, ತಲೆ ಎತ್ತಿ ನೋಡಲು ಆಗಲಿಲ್ಲ. ಎದ್ದು ಬಂದೆ. ನನ್ನ ಹಾಗೆ ಇನ್ನೂ ಹತ್ತಾರು ಜನ ಎದ್ದರು. ಮಗ ಕೂತೇ ಇದ್ದ. ವಾಪಸ್ ಬರುವಾಗ ರೈಲಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಫ್ರಾನ್ಸಿನವರಿಗೆ ಏನು ತೋರಿಸಿದರೂ ನಡೆಯುತ್ತದೆ, ನಮಗೆ ನಡೆಯುವುದಿಲ್ಲ. ಇಂಥ ಚಿತ್ರಗಳನ್ನು ಇಲ್ಲಿಗೆ ತರಲೇಬಾರದು."

ಮೇಷ್ಟ್ರೇ, ಮೊದಲು ಪತ್ರಕ್ಕೆ ನಮಸ್ಕಾರ. ಬೇಜಾರಾದ ಓದುಗರು ಸಾಮಾನ್ಯವಾಗಿ ಚಂದಾ ನಿಲ್ಲಿಸಿ ಸುಮ್ಮನಾಗುತ್ತಾರೆ. ನೀವು ಕೂತು ನಾಲ್ಕು ಪುಟ ಬರೆದಿರಿ. ಅದೂ ಒಂದಕ್ಷರ ತಿದ್ದಬೇಕಿಲ್ಲದ ಕನ್ನಡದಲ್ಲಿ.

ನೀವು ಎದ್ದು ಬಂದಿದ್ದು ತಪ್ಪಲ್ಲ. ಮನಸ್ಸಿಗೆ ಒಗ್ಗದ್ದನ್ನು ಹಲ್ಲು ಕಚ್ಚಿಕೊಂಡು ನೋಡಬೇಕು ಅಂತ ಯಾವ ಕಾನೂನೂ ಇಲ್ಲ. ಚಿತ್ರದಲ್ಲಿ ಏನಿದೆ ಅಂತ ಮೊದಲೇ ಯಾರೂ ಹೇಳಿರಲಿಲ್ಲ ಅನ್ನುವ ನಿಮ್ಮ ದೂರೂ ಸರಿಯಾಗಿದೆ. ಫ್ರಾನ್ಸಿನಲ್ಲೇ ಚಿತ್ರಗಳಿಗೆ 12, 16, 18 ಅಂತ ವಯಸ್ಸಿನ ಗಡಿ ಹಾಕುತ್ತಾರೆ. ಇಲ್ಲಿನ ಕೈಪಿಡಿಯಲ್ಲೂ ಎಚ್ಚರಿಕೆಯ ಎರಡು ಸಾಲು ಇರಬೇಕಿತ್ತು.

ಆದರೆ ಫ್ರಾನ್ಸಿನವರಿಗೆ ಏನು ತೋರಿಸಿದರೂ ನಡೆಯುತ್ತದೆ ಅಂದಿರಲ್ಲ, ಅದನ್ನು ಒಪ್ಪಲಾರೆ. ಸಿನಿಮಾ ನೋಡಿ ಫ್ರೆಂಚರು ಸಿಟ್ಟಾದಷ್ಟು ಇನ್ಯಾರೂ ಆಗಿಲ್ಲವೇನೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

1930ರ ಡಿಸೆಂಬರ್ 3ರಂದು ಪ್ಯಾರಿಸ್ಸಿನ ಮೊಂಮಾರ್ತ್ರ್‌ನಲ್ಲಿರುವ 'ಸ್ಟುಡಿಯೋ 28' ಅನ್ನುವ ಚಿಕ್ಕ ಥಿಯೇಟರಿನಲ್ಲಿ ಸ್ಪೇನಿನ ನಿರ್ದೇಶಕ ಬುನ್ಯುಯೆಲ್ ಅವರ 'ಲಾಜ್ ದೋರ್' ನಡೆಯುತ್ತಿತ್ತು. ಚರ್ಚನ್ನೂ ದೊಡ್ಡಮನುಷ್ಯರ ಮರ್ಯಾದೆಯನ್ನೂ ಕೆಣಕುವ ಚಿತ್ರ. ಬಲಪಂಥೀಯ ಸಂಘಟನೆಗಳವರು ನುಗ್ಗಿ ಪರದೆಗೆ ಮಸಿ ಎರಚಿದರು. ಹೊರಗಿನ ಹಜಾರದಲ್ಲಿ ತೂಗುಹಾಕಿದ್ದ, ಕಲಾವಿದರಾದ ದಾಲಿ, ಮಿರೋ, ಮ್ಯಾಕ್ಸ್ ಅರ್ನ್ಸ್ಟ್ ಅವರ ವರ್ಣಚಿತ್ರಗಳನ್ನು ಹರಿದುಹಾಕಿದರು. ಸುಮಾರು ಒಂದು ವಾರದಲ್ಲಿ ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥರು ಚಿತ್ರವನ್ನೇ ನಿಷೇಧಿಸಿದರು. ಅಲ್ಲಿನ ಥಿಯೇಟರಿಗೆ ಅದು ಮತ್ತೆ ಬಂದಿದ್ದು 1981ರಲ್ಲಿ.

ಇನ್ನು ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾರ್ ಅವರ 'ಲಾ ರೆಗ್ಲ್ ದ್ಯು ಜೂ'. 'ಆಟದ ನಿಯಮ' ಅಂತ ಅರ್ಥ. ಬೇಟೆಗೆಂದು ಹಳ್ಳಿಯ ಬಂಗಲೆಯಲ್ಲಿ ಸೇರಿದ ಶ್ರೀಮಂತರು, ಅವರ ಆಳುಕಾಳು, ಎರಡೂ ಕಡೆ ನಡೆಯುವ ಕಳ್ಳ ಪ್ರೇಮಗಳ ಕಥೆ. ನೀವು ತಲೆ ತಗ್ಗಿಸಬೇಕಾದ ದೃಶ್ಯ ಇಡೀ ಚಿತ್ರದಲ್ಲಿ ಒಂದೂ ಇಲ್ಲ. ಆದರೂ 1939ರ ಜುಲೈ 7ರಂದು ಪ್ಯಾರಿಸ್ಸಿನ ಮೊದಲ ಪ್ರದರ್ಶನದಲ್ಲಿ ಜನ ಕೂಗಾಡಿದರು. ಒಬ್ಬ ಪ್ರೇಕ್ಷಕ ಪೇಪರಿಗೆ ಬೆಂಕಿ ಹಚ್ಚಿ ಥಿಯೇಟರನ್ನೇ ಸುಡಲು ನೋಡಿದ ಅಂತ ರೆನ್ವಾರ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಯುದ್ಧ ಬಾಗಿಲಿಗೆ ಬಂದು ನಿಂತಿದ್ದ ಹೊತ್ತು ಅದು. ನಮ್ಮ ಮೇಲಿನವರು ಈಗ ಹೇಗೆ ಕುಣಿಯುತ್ತಿದ್ದಾರೆ ನೋಡಿ ಅಂದರೆ ಯಾರಿಗೆ ಹಿತವಾಗುತ್ತದೆ? ಜನ ಕೂಗಿದ ಕಡೆಯೆಲ್ಲ ರೆನ್ವಾರ್ ಕತ್ತರಿ ಹಾಕಿದರು. ಚಿತ್ರ ಉಳಿಯಲಿಲ್ಲ. ಯುದ್ಧ ಶುರುವಾದ ಮೇಲೆ, ಇದು ಜನರ ಸ್ಥೈರ್ಯ ಕುಗ್ಗಿಸುತ್ತದೆ ಅಂತ ಸರ್ಕಾರವೇ ನಿಷೇಧಿಸಿತು. 1942ರಲ್ಲಿ ಬಾಂಬ್ ಬಿದ್ದು ಮೂಲ ನೆಗೆಟಿವ್ ಕೂಡ ನಾಶವಾಯಿತು. ಸಿನಿಮಾದ ಮೇಲೆ ಪ್ರೀತಿಯಿದ್ದ ಕೆಲವರು ಉಳಿದ ತುಂಡುಗಳನ್ನು ಹುಡುಕಿ ಜೋಡಿಸಿದರು. 1959ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದನ್ನು ಮತ್ತೆ ತೋರಿಸಿದಾಗ ಜನ ಮೆಚ್ಚಿಕೊಂಡರು. ನಡುವೆ ಇಪ್ಪತ್ತು ವರ್ಷ ಹೋಗಿತ್ತು. ಆ ಇಪ್ಪತ್ತು ವರ್ಷದ ನಡುವೆಯೇ ರೆನ್ವಾರ್ ನಮ್ಮ ಕಲ್ಕತ್ತಾಕ್ಕೆ ಬಂದು ಸಿನಿಮಾ ಮಾಡಿದರು. ಜಾಹೀರಾತು ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಯುವಕ ಸತ್ಯಜಿತ್ ರಾಯ್ ಅವರ ಜೊತೆ ಜಾಗ ಹುಡುಕಲು ಓಡಾಡಿದರು. ಆ ಓಡಾಟದಿಂದ ನಮಗೆ ಏನೆಲ್ಲ ಸಿಕ್ಕಿತು ಅಂತ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನೀವು ಮೇಷ್ಟ್ರಾದ್ದರಿಂದ ಇದೊಂದು ಘಟನೆ ಹೇಳಲೇಬೇಕು. ನಾನು ಆಗಷ್ಟೇ ಕಾಲೇಜು ಮುಗಿಸಿ ನಮ್ಮೂರಿನ ಫಿಲ್ಮ್ ಸೊಸೈಟಿಯಲ್ಲಿ ಕುರ್ಚಿ ಹಾಕುವ ಕೆಲಸ ಮಾಡುತ್ತಿದ್ದೆ. 16 ಎಂಎಂ ರೀಲಿನ ಡಬ್ಬ ರೈಲಿನಲ್ಲಿ ಬರುತ್ತಿತ್ತು. ಒಂದು ಹೈಸ್ಕೂಲಿನ ಹಾಲಿನಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸುತ್ತಿದ್ದೆವು. ಬೋರ್ಡಿನ ಮೇಲೆ 'ಫ್ರೆಂಚ್' ಅಂತ ಬರೆದರೆ ಸಾಕು, ಯಾವತ್ತೂ ಬರದವರೂ ಬರುತ್ತಿದ್ದರು. ಯಾಕೆ ಅಂತ ನಿಮಗೂ ಗೊತ್ತು. ಆವತ್ತು ತೋರಿಸಿದ್ದು ಜಾನ್ ವಿಗೋ ಅವರ ಚಿತ್ರ. ಹೆಸರಿನ ಅರ್ಥ 'ನಡತೆಗೆ ಸೊನ್ನೆ'. ಮುಕ್ಕಾಲು ಗಂಟೆಯ ಚಿತ್ರ. ಹಾಸ್ಟೆಲಿನ ಹುಡುಗರು ಮೇಷ್ಟ್ರುಗಳಿಗೆ ತಿರುಗಿ ಬೀಳುವ ಕಥೆ. ರಾತ್ರಿ ದಿಂಬುಗಳನ್ನು ಹರಿದು ಗರಿ ಹಾರಿಸುತ್ತಾ ಹುಡುಗರು ಮೆರವಣಿಗೆ ಹೊರಡುತ್ತಾರೆ. ಗರಿಗಳು ಹಿಮದ ಹಾಗೆ ನಿಧಾನವಾಗಿ ಬೀಳುತ್ತವೆ. ಆ ದೃಶ್ಯ ಬಂದಾಗ ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಆ ಸ್ಕೂಲಿನ ಹೆಡ್‌ಮಾಸ್ಟರು ಹಿಂದಿನ ಬಾಗಿಲ ಹತ್ತಿರ ಕೊನೆಯವರೆಗೂ ನಿಂತೇ ನೋಡಿದರು. ಮುಗಿದ ಮೇಲೆ ನನ್ನನ್ನು ಕರೆದು, "ಚೆನ್ನಾಗಿದೆ ಕಣಯ್ಯ. ಆದರೆ ನಮ್ಮ ಹುಡುಗರಿಗೆ ಮಾತ್ರ ತೋರಿಸಬೇಡ" ಅಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಮುಂದಿನ ತಿಂಗಳು ಹಾಲ್ ಸಿಗಲಿಲ್ಲ. ಯಾರೋ ಆಡಳಿತ ಮಂಡಳಿಗೆ ದೂರು ಕೊಟ್ಟಿದ್ದರು. ದೂರು ಕೊಟ್ಟವರು ಚಿತ್ರ ನೋಡಲು ಬಂದೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. 1933ರಲ್ಲಿ ಫ್ರಾನ್ಸಿನಲ್ಲಿ ಇದೇ ಚಿತ್ರವನ್ನು ನಿಷೇಧಿಸಿದ್ದರು. ಯುದ್ಧ ಮುಗಿಯುವವರೆಗೂ ಅದು ಹೊರಗೆ ಬರಲಿಲ್ಲ. ವಿಗೋ 1934ರಲ್ಲೇ ಕ್ಷಯದಿಂದ ತೀರಿಕೊಂಡಿದ್ದರು. ಆಗ ಅವರಿಗೆ ಬರೀ 29 ವರ್ಷ. ತಮ್ಮ ಚಿತ್ರವನ್ನು ಜನ ನೆಮ್ಮದಿಯಾಗಿ ಕೂತು ನೋಡಿದ್ದನ್ನು ಅವರು ಕಾಣಲೇ ಇಲ್ಲ.

ನಮ್ಮ ಹೆಡ್‌ಮಾಸ್ಟರ ಮಾತು ನನಗೆ ಹಿಡಿಸಲಿಲ್ಲ. ಆದರೆ ಅವರ ಮೇಲಿನ ಗೌರವ ಇವತ್ತಿಗೂ ಹಾಗೇ ಇದೆ. ಅವರು ನೋಡಿ ಮಾತಾಡಿದರು. ಆ ದೂರು ಕೊಟ್ಟವರನ್ನು ಮಾತ್ರ ನನಗೆ ಮರೆಯಲು ಆಗಿಲ್ಲ.

ಇಂಥದ್ದೇ ಕೆಲಸ ಫ್ರಾನ್ಸಿನಲ್ಲಿ ದೇಶದ ಮಟ್ಟದಲ್ಲಿ ನಡೆದದ್ದು 1966ರಲ್ಲಿ. ಫ್ರೆಂಚ್ ಲೇಖಕ ದಿದೆರೋ ಹದಿನೆಂಟನೇ ಶತಮಾನದಲ್ಲಿ ಬರೆದ ಕಾದಂಬರಿಯನ್ನು ನಿರ್ದೇಶಕ ಜಾಕ್ ರಿವೆಟ್ 'ಲಾ ರೆಲಿಜಿಯೂಸ್' ಅಂತ ಸಿನಿಮಾ ಮಾಡಿದರು. ಮನಸ್ಸಿಲ್ಲದ ಹುಡುಗಿಯನ್ನು ಮನೆಯವರೇ ಬಲವಂತವಾಗಿ ಸನ್ಯಾಸಿನಿ ಮಾಡುವ ಕಥೆ. ಚಿತ್ರೀಕರಣ ಮುಗಿಯುವ ಮೊದಲೇ ಸನ್ಯಾಸಿನಿಯರು, ಕ್ಯಾಥೊಲಿಕ್ ಶಾಲೆಗಳ ಪೋಷಕರು ಸರ್ಕಾರಕ್ಕೆ ರಾಶಿ ರಾಶಿ ಪತ್ರ ಬರೆದರು. ಇಲ್ಲದ ಚಿತ್ರದ ಮೇಲೆ ದೂರು! ಸೆನ್ಸಾರ್ ಮಂಡಳಿಯವರು ಚಿತ್ರ ನೋಡಿ, 18 ದಾಟಿದವರಿಗೆ ತೋರಿಸಬಹುದು ಅಂದರು. ಒಂದು ಸಲ ಅಲ್ಲ, ಎರಡು ಸಲ. ಆದರೂ ಮಾರ್ಚ್ ಕೊನೆಯಲ್ಲಿ ಮಂತ್ರಿಯೊಬ್ಬರು ನಿಷೇಧದ ಆದೇಶಕ್ಕೆ ಸಹಿ ಹಾಕಿದರು. ನಿರ್ದೇಶಕ ಗೊದಾರ್, ಸಂಸ್ಕೃತಿ ಮಂತ್ರಿಯಾಗಿದ್ದ ಆಂದ್ರೆ ಮಾಲ್ರೋ ಅವರಿಗೆ ಬಹಿರಂಗ ಪತ್ರ ಬರೆದು ಉಗಿದರು. ಮಾಲ್ರೋ ಸ್ವತಃ ದೊಡ್ಡ ಕಾದಂಬರಿಕಾರರು. ಅವರು ನಿಷೇಧವನ್ನು ತಡೆಯದೆ ಸುಮ್ಮನಿರುತ್ತಾರೆ ಅಂತ ಯಾರೂ ನಿರೀಕ್ಷಿಸಿರಲಿಲ್ಲ. ಕಡೆಗೆ ಚಿತ್ರವನ್ನು ಕಾನ್ ಉತ್ಸವಕ್ಕೆ ಕಳಿಸಲು ಅವರು ಅಡ್ಡ ಬರಲಿಲ್ಲ. 1967ರ ಜುಲೈನಲ್ಲಿ ಚಿತ್ರ ಬಿಡುಗಡೆಯಾಯಿತು. ಜನ ಸಾಲು ನಿಂತು ನೋಡಿದರು. ಫ್ರಾನ್ಸಿನಲ್ಲಿ ಯಾವ ಮಠವೂ ಅದರಿಂದ ಬೀಳಲಿಲ್ಲ.

ಪ್ರೇಕ್ಷಕರ ಮನಸ್ಸು ನೋಯುತ್ತದೆ, ಅವರು ಕೆಡುತ್ತಾರೆ ಅಂತ ಮೊದಲೇ ತೀರ್ಮಾನ ಮಾಡುವವರು ಯಾವಾಗಲೂ ಬೇರೆ ಯಾರೋ ಆಗಿರುತ್ತಾರೆ, ಗಮನಿಸಿದ್ದೀರಾ? ನಿಮ್ಮ ಜೊತೆ ಎದ್ದವರು ಹತ್ತಾರು ಜನ ಅಂದಿರಿ. ಕೂತವರನ್ನು ನೀವು ಎಣಿಸಲಿಲ್ಲ. 'ತರಲೇಬಾರದು' ಅಂದಾಗ ಅವರೆಲ್ಲರ ಪರವಾಗಿ ನೀವೊಬ್ಬರೇ ತೀರ್ಪು ಕೊಟ್ಟ ಹಾಗಾಯಿತು ಅಲ್ವಾ? ಪುಸ್ತಕದ ಮೊದಲ ಪಾಠ ಮಾತ್ರ ಓದಿ ಪರೀಕ್ಷೆ ಬರೆದ ಹುಡುಗನಿಗೆ ನೀವು ಎಷ್ಟು ಅಂಕ ಕೊಡುತ್ತಿದ್ದಿರಿ?

ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ ಅವರ 'ಲೆಝಾಮಾಂ' 1958ರ ಚಿತ್ರ. ಗಂಡನನ್ನು ಬಿಟ್ಟು ಹೋಗುವ ಹೆಂಗಸಿನ ಕಥೆ. ಅದನ್ನು ತೋರಿಸಿದ್ದಕ್ಕೆ ಅಮೆರಿಕದ ಓಹಾಯೋದಲ್ಲಿ ಒಬ್ಬ ಥಿಯೇಟರ್ ಮ್ಯಾನೇಜರಿಗೆ 2,500 ಡಾಲರ್ ದಂಡ ಬಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1964ರಲ್ಲಿ ಕೋರ್ಟು ಆ ಶಿಕ್ಷೆ ರದ್ದು ಮಾಡಿತು. ಆಗ ನ್ಯಾಯಮೂರ್ತಿ ಪಾಟರ್ ಸ್ಟೀವರ್ಟ್ ಬರೆದ ಮಾತು ಜಗತ್ತಿಗೆಲ್ಲ ಗೊತ್ತು. ಅಶ್ಲೀಲ ಅಂದರೇನು ಅಂತ ವಿವರಿಸಲು ಹೋಗುವುದಿಲ್ಲ, ನೋಡಿದಾಗ ನನಗೆ ಗೊತ್ತಾಗುತ್ತದೆ, ಈ ಚಿತ್ರ ಅದಲ್ಲ ಅಂದರು. ಎಲ್ಲರೂ 'ಗೊತ್ತಾಗುತ್ತದೆ' ಅನ್ನುವುದನ್ನೇ ಹಿಡಿದುಕೊಂಡಿದ್ದಾರೆ. ನನಗೆ ಮುಖ್ಯ ಅನ್ನಿಸುವುದು 'ನೋಡಿದಾಗ' ಅನ್ನುವ ಮಾತು. ಅಷ್ಟು ದೊಡ್ಡ ನ್ಯಾಯಾಧೀಶರೂ ಮೊದಲು ನೋಡಬೇಕಾಯಿತು.

ಇದೇ ಲೂಯಿ ಮಾಲ್ 1968ರಲ್ಲಿ ನಮ್ಮ ದೇಶಕ್ಕೆ ಬಂದು ತಿಂಗಳುಗಟ್ಟಲೆ ಓಡಾಡಿ ಏಳು ಕಂತಿನ ಸಾಕ್ಷ್ಯಚಿತ್ರ ಮಾಡಿದರು. 1970ರಲ್ಲಿ ಬಿಬಿಸಿ ಅದನ್ನು ತೋರಿಸಿತು. ಬರೀ ಬಡತನ, ಜಾತಿ, ಕೊಳೆ ತೋರಿಸಿದ್ದಾರೆ ಅಂತ ಬ್ರಿಟನ್ನಿನ ಭಾರತೀಯರು ಸಿಟ್ಟಾದರು. ಅವರು ನೋಡಿ ಸಿಟ್ಟಾದವರು, ಅವರ ಜೊತೆ ನನ್ನ ಜಗಳವಿಲ್ಲ. ಹೊರಗಿನವನು ಬಂದು ನಮ್ಮ ಮನೆಯ ಹಿತ್ತಲನ್ನೇ ತೋರಿಸಿದರೆ ನೋವಾಗುತ್ತದೆ. ನನಗೂ ಕೆಲವು ಕಡೆ ಆಯಿತು. ಆದರೆ ನಮ್ಮ ಸರ್ಕಾರ ದೆಹಲಿಯ ಬಿಬಿಸಿ ಕಚೇರಿಯನ್ನೇ ಮುಚ್ಚಿಸಿತು. ಆಗ ಇಲ್ಲಿ ಯಾರ ಮನೆಯಲ್ಲೂ ಬಿಬಿಸಿ ಟಿವಿ ಬರುತ್ತಿರಲಿಲ್ಲ. ನಮ್ಮ ಬಗ್ಗೆ ಮಾಡಿದ ಚಿತ್ರದ ಮೇಲೆ, ನಾವು ನೋಡುವ ಮೊದಲೇ, ನಮ್ಮ ಹೆಸರಲ್ಲಿ ಸಿಟ್ಟಾದರು. ಬಹಳ ವರ್ಷಗಳ ಮೇಲೆ ನಾನು ಅದನ್ನು ಎರಡು ಭಾನುವಾರ ಕೂತು ನೋಡಿದೆ. ಮದರಾಸಿನ ಕಂತಿನಲ್ಲಿ ನೃತ್ಯ ಕಲಿಯುವ ಹುಡುಗಿಯರನ್ನು ಅವರು ಎಷ್ಟು ಪ್ರೀತಿಯಿಂದ ನೋಡಿದ್ದಾರೆ ಗೊತ್ತಾ? ಆ ಪ್ರೀತಿಯ ಸುದ್ದಿ ನಮಗೆ ಯಾರೂ ಹೇಳಿರಲಿಲ್ಲ.

ಎಲ್ಲ ಕಥೆಯೂ ಹೀಗೆ ಮುಗಿಯುವುದಿಲ್ಲ. 2006ರಲ್ಲಿ ರಶೀದ್ ಬುಶಾರೆಬ್ ಅವರ ಒಂದು ಚಿತ್ರ ಬಂತು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಹೋರಾಡಿದ ಉತ್ತರ ಆಫ್ರಿಕಾದ ಸೈನಿಕರ ಕಥೆ. ಅವರ ದೇಶಗಳು ಸ್ವತಂತ್ರವಾದ ಮೇಲೆ ಅವರ ಪಿಂಚಣಿಯನ್ನು ಏರಿಸದೆ ಹಾಗೇ ಬಿಟ್ಟಿದ್ದರು. ಜೊತೆಗೆ ಹೋರಾಡಿದ ಫ್ರೆಂಚ್ ಸೈನಿಕರಿಗೆ ಮಾತ್ರ ಏರುತ್ತಲೇ ಹೋಯಿತು. ಫ್ರೆಂಚರಿಗೆ ಇದು ಮುಜುಗರದ ವಿಷಯ. ಆದರೆ ಯಾರೂ ಬಾಗಿಲು ಹಾಕಲಿಲ್ಲ. ಅಧ್ಯಕ್ಷ ಜಾಕ್ ಶಿರಾಕ್ ಹೆಂಡತಿಯ ಜೊತೆ ಕೂತು ಚಿತ್ರ ನೋಡಿದರು. ಚಿತ್ರ ಬಿಡುಗಡೆಯಾದ ದಿನವೇ, ಸುಮಾರು 80,000 ಹಳೆಯ ಸೈನಿಕರ ಪಿಂಚಣಿ ಏರಿಸುವುದಾಗಿ ಸರ್ಕಾರ ಹೇಳಿತು. ಅಷ್ಟು ಹೊತ್ತಿಗೆ ಎಷ್ಟೋ ಜನ ತೀರಿಹೋಗಿದ್ದರು ಅನ್ನುವುದು ಬೇರೆ ಸಂಕಟ.

ಈಗ ಪೂರ್ತಿ ಕೂತು ನೋಡುವ ಅಭ್ಯಾಸವೇ ಹೋಗುತ್ತಿದೆ, ನನ್ನ ನಿಜವಾದ ಸಂಕಟ ಅದು. 2020ರಲ್ಲಿ ಮೈಮೂನಾ ದೂಕುರೆ ಅನ್ನುವ ಫ್ರೆಂಚ್ ನಿರ್ದೇಶಕಿಯ ಚಿತ್ರ ನೆಟ್‌ಫ್ಲಿಕ್ಸ್‌ಗೆ ಬರುವ ಮೊದಲೇ, ಚಿಕ್ಕ ಹುಡುಗಿಯರನ್ನು ಅಸಭ್ಯವಾಗಿ ತೋರಿಸಿದ ಪೋಸ್ಟರ್ ಒಂದನ್ನು ನೋಡಿ ಜನ ಬಹಿಷ್ಕಾರಕ್ಕೆ ಸಹಿ ಹಾಕಿದರು. ಆ ಪೋಸ್ಟರ್ ಕೆಟ್ಟದಾಗಿತ್ತು, ಕಂಪನಿಯೇ ಕ್ಷಮೆ ಕೇಳಿತು. ಮಕ್ಕಳನ್ನು ನಟನೆಗೆ ಬಳಸುವಾಗ ಎಷ್ಟು ಎಚ್ಚರ ಬೇಕು ಅನ್ನುವ ಪ್ರಶ್ನೆಯನ್ನು ಕೇಳಲೇಬೇಕು, ನಾನೂ ಕೇಳುತ್ತೇನೆ. ಆದರೆ ಫೋನಿನಲ್ಲಿ ಕಾಣುವುದೆಲ್ಲ ಚಿಕ್ಕ ಹುಡುಗಿಯರನ್ನು ಎಲ್ಲಿಗೆ ತಳ್ಳುತ್ತಿದೆ ಅಂತ ಅಂಜಿ ಆಕೆ ಚಿತ್ರ ಮಾಡಿದರು. ಆಕೆಗೇ ಕೊಲೆ ಬೆದರಿಕೆ ಬಂತು. ಅರ್ಧ ನಿಮಿಷದ ತುಣುಕು ಫೋನಿಂದ ಫೋನಿಗೆ ಹೋಗುತ್ತದೆ. ಸಿಟ್ಟು ಅದರ ಜೊತೆಗೇ ಹೋಗುತ್ತದೆ. ಸಿನಿಮಾ ಮಾತ್ರ ಹಿಂದೆಯೇ ಉಳಿಯುತ್ತದೆ.

ನಮ್ಮ ಫಿಲ್ಮ್ ಸೊಸೈಟಿ ಮುಚ್ಚಿ ಎಷ್ಟೋ ಕಾಲವಾಯಿತು. ಪಂಚೆ ಕಟ್ಟುತ್ತಿದ್ದ ಆ ಹಾಲಿನಲ್ಲಿ ಈಗ ಟ್ಯೂಷನ್ ನಡೆಯುತ್ತದೆ. ಇಂಥ ಚಿತ್ರಗಳನ್ನು ಅಪರಿಚಿತರ ಜೊತೆ ಕತ್ತಲಲ್ಲಿ ಕೂತು, ಕತ್ತರಿ ಹಾಕದೆ ನೋಡಲು ನಮಗೆ ಉಳಿದಿರುವ ಜಾಗ ಚಿತ್ರೋತ್ಸವ. ಅಲ್ಲಿ ತೋರಿಸುವ ಚಿತ್ರಗಳಿಗೆ ಸೆನ್ಸಾರ್ ಸರ್ಟಿಫಿಕೇಟಿನಿಂದ ವಿನಾಯಿತಿ ಕೊಡುತ್ತಾರೆ. ಬಂದವರು ದೊಡ್ಡವರು, ಅವರೇ ನೋಡಿ ತೀರ್ಮಾನಿಸಲಿ ಅಂತ ಸರ್ಕಾರವೇ ನಂಬುವ ವರ್ಷದ ಕೆಲವೇ ದಿನಗಳು ಅವು. ಆ ನಂಬಿಕೆಯನ್ನೂ ವಾಪಸ್ ತಗೊಳ್ಳಿ ಅಂತ ನೀವು ಕೇಳುತ್ತಿದ್ದೀರಿ. ದಯವಿಟ್ಟು ಕೇಳಬೇಡಿ ಮೇಷ್ಟ್ರೇ.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಆ ರೈಲಿನ ಸಾಲು. ದಾವಣಗೆರೆವರೆಗೆ ಅಷ್ಟು ಹೊತ್ತು ಅಪ್ಪ ಮಗ ಎದುರುಬದುರು ಕೂತು ಒಂದು ಮಾತೂ ಆಡಲಿಲ್ಲ. ನೀವು ನೋಡದ ಒಂದೂಕಾಲು ಗಂಟೆ ನಿಮ್ಮ ಮಗನ ಹತ್ತಿರ ಇದೆ. ಅವನಿಗೆ ಚಿತ್ರ ಹಿಡಿಸಿತೋ ಇಲ್ಲವೋ ನನಗೂ ಗೊತ್ತಿಲ್ಲ. ನಿಮ್ಮಷ್ಟೇ ಸಿಟ್ಟು ಅವನಿಗೂ ಬಂದಿರಬಹುದು. ನೀವು ಅರ್ಧಕ್ಕೆ ಬಿಟ್ಟ ಚಿತ್ರದ ಆ ಹುಡುಗಿಗೆ ಕೊನೆಗೆ ಏನಾಯಿತು ಅಂತ ಒಂದು ಸಂಜೆ ಅವನನ್ನು ಕೇಳಿ. ಆಮೇಲೂ ಚಿತ್ರ ಕೆಟ್ಟದ್ದು ಅನ್ನಿಸಿದರೆ ಇನ್ನೊಂದು ಪತ್ರ ಬರೆಯಿರಿ. ಎಂಟು ಪುಟ ಆದರೂ ಸರಿ, ಒಂದು ಸಾಲೂ ತೆಗೆಯದೆ ಅಚ್ಚು ಹಾಕುತ್ತೇನೆ.

– ಸಂಪಾದಕ